ರೂಟ್ ಫೋನಿನ ಬೀಗದ ಕೈ ಯಾರ ಕೈಯಲ್ಲಿದೆ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಆಂಡ್ರಾಯ್ಡ್ ಫೋನ್ ರೂಟ್ ಮಾಡುವುದರ ಬಗ್ಗೆ, ಅದರಲ್ಲೂ ರೂಟ್ ಮಾಡಿಯಾದ ಮೇಲಿನ ಪಾಡಿನ ಬಗ್ಗೆ. ರೂಟ್ ಮಾಡುವುದೆಂದರೆ ಕಂಪನಿ ಮುಚ್ಚಿಟ್ಟ ಪೂರ್ತಿ ಅಧಿಕಾರವನ್ನು ಫೋನಿನ ಮೇಲೆ ಪಡೆಯುವುದು. ರಿಪೇರಿ ಮೇಜಿನ ಮುಂದೆ ಹತ್ತು ವರ್ಷಕ್ಕೂ ಮಿಕ್ಕಿ ಕೂತವಳು ನಾನು. ರೂಟ್ ಮಾಡಿ ಕೆಟ್ಟ ಫೋನ್‌ಗಳನ್ನು ಕಂಡಿದ್ದೇನೆ, ರೂಟ್ ಮಾಡಿದ್ದರಿಂದಲೇ ಇನ್ನೂ ನಾಲ್ಕು ವರ್ಷ ಬಾಳಿದವನ್ನೂ ಕಂಡಿದ್ದೇನೆ. ಪತ್ರಗಳಲ್ಲಿ ಏಳನ್ನು ಆರಿಸಿ ಉತ್ತರಿಸುತ್ತಿದ್ದೇನೆ.

ಪ್ರಶ್ನೆ: ಆರು ತಿಂಗಳ ಹಿಂದೆ ಗೆಳೆಯನೊಬ್ಬ ನನ್ನ ಹಳೆಯ ಫೋನಿಗೆ ಮ್ಯಾಜಿಸ್ಕ್ ಎಂಬ ರೂಟ್ ಸಾಧನ ಹಾಕಿ ರೂಟ್ ಮಾಡಿಕೊಟ್ಟ. ಅಲ್ಲಿಂದೀಚೆಗೆ ಆಗಾಗ ‘ಸೂಪರ್‌ಯೂಸರ್ ಅನುಮತಿ’ ಕೇಳುವ ಪೆಟ್ಟಿಗೆ ಮೂಡುತ್ತದೆ. ಕೊಡದಿದ್ದರೆ ಆ್ಯಪ್ ಕೆಲಸ ಮಾಡಲಾರದೆಂದು ಒಪ್ಪುತ್ತಾ ಬಂದೆ. ಮೊನ್ನೆ ನೋಡಿದರೆ ಪಟ್ಟಿಯಲ್ಲಿ 11 ಆ್ಯಪ್‌ಗಳಿವೆ. ಗಾಬರಿಯಾಗಿದೆ. ಏನು ಮಾಡಲಿ?

ಉತ್ತರ: ಗಾಬರಿಯಾದದ್ದು ಒಳ್ಳೆಯದೇ ಆಯಿತು. ಪಟ್ಟಿ ತೆರೆದು ನೋಡುವವರೇ ಕಡಿಮೆ.

ಮೊದಲು ಆ ಪೆಟ್ಟಿಗೆ ನಿಮ್ಮಿಂದ ಏನು ಕೇಳುತ್ತಿದೆ ಎಂದು ನೋಡೋಣ. ಆಂಡ್ರಾಯ್ಡ್‌ನ ಅಡಿಪಾಯ ಲಿನಕ್ಸ್. ಅಲ್ಲಿ ಪ್ರತಿ ಆ್ಯಪ್‌ಗೂ ಒಂದು ಬಳಕೆದಾರ ಸಂಖ್ಯೆ ಇರುತ್ತದೆ. ನೀವು ಹಾಕಿಕೊಳ್ಳುವ ಆ್ಯಪ್‌ಗಳ ಸಂಖ್ಯೆ 10000ದಿಂದ ಮೇಲಕ್ಕೆ ಹೋಗುತ್ತದೆ. ಟಿಪ್ಪಣಿ ಬರೆಯುವ ಆ್ಯಪ್ 10124 ಆಗಿದ್ದರೆ ಅದಕ್ಕೊಂದು ಸ್ವಂತ ಫೋಲ್ಡರ್, ಪಕ್ಕದ 10125ಕ್ಕೆ ಇನ್ನೊಂದು. ಒಬ್ಬರ ಕೋಣೆಗೆ ಇನ್ನೊಬ್ಬರು ಇಣುಕುವ ಹಾಗಿಲ್ಲ. ಸಂಖ್ಯೆ ಸೊನ್ನೆ ಇರುವವನಿಗೆ ಮಾತ್ರ ಯಾವ ಬಾಗಿಲೂ ಅಡ್ಡ ಬರುವುದಿಲ್ಲ. ಅವನೇ ರೂಟ್. ‘ಎಸ್‌ಯು’ ಎಂಬ ಪುಟ್ಟ ಪ್ರೋಗ್ರಾಮಿನ ಮೂಲಕ ಆ್ಯಪ್ ತನ್ನ ಸಂಖ್ಯೆ ಬಿಟ್ಟು ಸೊನ್ನೆಯಾಗಲು ಕೇಳುತ್ತದೆ. ನೀವು ನೋಡುವ ಪೆಟ್ಟಿಗೆ ಆ ಕೋರಿಕೆಯದು.

ಕ್ಯಾಮೆರಾ, ಲೊಕೇಶನ್ ಅನುಮತಿಗಳ ಸಾಲಿಗೆ ಇದನ್ನು ಸೇರಿಸಬೇಡಿ. ಕ್ಯಾಮೆರಾ ಅನುಮತಿ ಕೊಟ್ಟರೆ ಕ್ಯಾಮೆರಾ ಅಷ್ಟೇ ಹೋಗುತ್ತದೆ. ಸೂಪರ್‌ಯೂಸರ್ ಅನುಮತಿಯಲ್ಲಿ ‘ಇಷ್ಟು ಮಾತ್ರ’ ಎಂಬುದಿಲ್ಲ. ಬ್ಯಾಟರಿ ಮಿತಿ ಹಾಕುವ ಚಿಕ್ಕ ಆ್ಯಪ್‌ಗೆ ಕೊಟ್ಟರೂ, ಇಡೀ ಫೋನಿನ ಬ್ಯಾಕಪ್ ತೆಗೆಯುವ ಆ್ಯಪ್‌ಗೆ ಕೊಟ್ಟರೂ ಕೊಟ್ಟದ್ದು ಒಂದೇ, ಇಡೀ ಮನೆ. 2014ರ ಆಂಡ್ರಾಯ್ಡ್ 5.0ಯಿಂದ ಪೂರ್ತಿಯಾಗಿ ಜಾರಿಗೆ ಬಂದ ಎಸ್‌ಇ ಲಿನಕ್ಸ್ ಎಂಬ ಕಾವಲು ರೂಟ್‌ಗೂ ಕಡಿವಾಣ ಹಾಕುತ್ತದೆ, ನಿಜ. ಆದರೆ ಮ್ಯಾಜಿಸ್ಕ್ ಕೊಡುವ ರೂಟ್‌ಗೆ ಆ ಕಡಿವಾಣದಿಂದ ವಿನಾಯಿತಿ ಇದೆ. ಇಲ್ಲದಿದ್ದರೆ ಅದು ಕೆಲಸಕ್ಕೇ ಬರುತ್ತಿರಲಿಲ್ಲ.

ನನಗಾದದ್ದನ್ನು ಹೇಳುತ್ತೇನೆ. 2015ರ ಮಾತು. ಮ್ಯಾಜಿಸ್ಕ್ ಇನ್ನೂ ಬಂದಿರಲಿಲ್ಲ, ನಾವೆಲ್ಲ ಸೂಪರ್‌ಎಸ್‌ಯು ಎಂಬ ಅಂಥದೇ ಸಾಧನ ಬಳಸುತ್ತಿದ್ದೆವು. ಬೇಡದ ಫೈಲ್ ಗುಡಿಸುವ ಆ್ಯಪ್ ಒಂದಕ್ಕೆ ನಾನು ಶಾಶ್ವತ ಅನುಮತಿ ಕೊಟ್ಟಿದ್ದೆ. ಒಂದು ವರ್ಷ ನಿಯತ್ತಾಗಿ ಕೆಲಸ ಮಾಡಿತು. ಆಮೇಲೊಂದು ಅಪ್‌ಡೇಟ್ ಬಂತು, ತಾನೇ ಕೂತುಕೊಂಡಿತು. ಕೆಲವು ದಿನಗಳಲ್ಲಿ ಫೋನಿನಲ್ಲಿ ನಾನು ಹಾಕದ ಎರಡು ಆಟಗಳು ಕಾಣಿಸಿಕೊಂಡವು. ಅಳಿಸಲು ಹೋದರೆ ಅಳಿಸುವ ಗುಂಡಿಯೇ ಇಲ್ಲ. ಅನುಮಾನದಿಂದ ಸೂಪರ್‌ಎಸ್‌ಯು ಲಾಗ್ ತೆರೆದೆ. ನಸುಕಿನ 3 ಗಂಟೆ 12 ನಿಮಿಷಕ್ಕೆ ಅದೇ ಗುಡಿಸುವ ಆ್ಯಪ್ ರೂಟ್ ಪಡೆದಿತ್ತು. ಹಿಂದಿನ ರಾತ್ರಿಯೂ ಹೆಚ್ಚುಕಡಿಮೆ ಅದೇ ಹೊತ್ತು. ಒಳಗಿನ ವಿವರ ಬಿಚ್ಚಿದರೆ ಮೂರೇ ಸಾಲು: ಸಿಸ್ಟಮ್ ವಿಭಾಗವನ್ನು ಬರೆಯುವಂತೆ ತೆರೆದದ್ದು, ಫೈಲ್ ನಕಲು ಮಾಡಿದ್ದು, ಮತ್ತೆ ಮುಚ್ಚಿದ್ದು. ನಾನು ನಿದ್ದೆಯಲ್ಲಿದ್ದೆ, ಫೋನ್ ದಿಂಬಿನ ಪಕ್ಕ ಚಾರ್ಜ್ ಆಗುತ್ತಿತ್ತು.

ಆ ಎರಡು ಆಟಗಳನ್ನು ಕಿತ್ತು ಹಾಕುವುದು ಕಷ್ಟವೇನಲ್ಲ. ಆದರೆ ಅದು ಇನ್ನೇನು ಮುಟ್ಟಿದೆ ಎಂದು ತಿಳಿಯುವ ದಾರಿ ಇರಲಿಲ್ಲ. ರೂಟ್ ಪಡೆದದ್ದು ಲಾಗನ್ನೂ ತಿದ್ದಬಲ್ಲದು. ಇಡೀ ಫೋನ್ ಒರೆಸಿ, ಕಾರ್ಖಾನೆಯ ಇಮೇಜ್, ಅಂದರೆ ಕಂಪನಿಯ ಮೂಲ ಸಾಫ್ಟ್‌ವೇರ್, ಮತ್ತೆ ಹಾಕಿ, ಎಲ್ಲ ಪಾಸ್‌ವರ್ಡ್‌ಗಳನ್ನು ಬೇರೆ ಯಂತ್ರದಿಂದ ಬದಲಿಸಿದೆ. ಎರಡು ದಿನ ಹಿಡಿಯಿತು. ನಾನು ಅನುಮತಿ ಕೊಟ್ಟ ದಿನ ಆ ಆ್ಯಪ್ ಒಳ್ಳೆಯದೇ ಇತ್ತು ಎಂಬುದನ್ನು ಗಮನಿಸಿ. ಅನುಮತಿ ಇವತ್ತಿನ ಆ್ಯಪ್‌ಗೆ ಕೊಡುತ್ತೇವೆ, ಅದು ಮುಂದಿನ ಎಲ್ಲ ಅಪ್‌ಡೇಟ್‌ಗಳಿಗೂ ಸಲ್ಲುತ್ತದೆ.

ಈಗ ನಿಮ್ಮ 11ಕ್ಕೆ ಬರೋಣ. ಮ್ಯಾಜಿಸ್ಕ್‌ನ ಸೂಪರ್‌ಯೂಸರ್ ಪುಟಕ್ಕೆ ಹೋಗಿ 11ನ್ನೂ ಆಫ್ ಮಾಡಿಬಿಡಿ. ಹೌದು, ಎಲ್ಲವನ್ನೂ. ಪಟ್ಟಿಯಿಂದ ತೆಗೆಯಬೇಡಿ, ಸ್ವಿಚ್ ಮಾತ್ರ ಆಫ್ ಮಾಡಿ. ಒಂದು ವಾರ ಫೋನನ್ನು ಎಂದಿನಂತೆ ಬಳಸಿ. ಯಾವ ಕೆಲಸ ನಿಂತಿತೋ ಆ ಆ್ಯಪ್ ಒಂದಕ್ಕೇ ಮತ್ತೆ ಹೊತ್ತಿಸಿ. ಈ ಪ್ರಯೋಗ ನಾನು ಬಹಳ ಜನರಿಂದ ಮಾಡಿಸಿದ್ದೇನೆ. ವಾರ ಕಳೆದ ಮೇಲೆ ಎರಡೋ ಮೂರೋ ಉಳಿದಿರುತ್ತವೆ. ಉಳಿದವು ಇದ್ದದ್ದೇ ಮರೆತುಹೋಗಿರುತ್ತದೆ.

ಇನ್ನು ಮುಂದೆ ಪೆಟ್ಟಿಗೆ ಬಂದಾಗ ಕೆಳಗಿರುವ ಅವಧಿಯ ಆಯ್ಕೆ ಮುಟ್ಟಿ. ‘ಶಾಶ್ವತ’ ಎಂಬುದರ ಜೊತೆಗೆ ‘ಒಂದು ಸಲ’, 10 ನಿಮಿಷ, 20, 30, 60 ನಿಮಿಷ ಎಂದೂ ಇವೆ. ತಿಂಗಳಿಗೊಮ್ಮೆ ಬ್ಯಾಕಪ್ ತೆಗೆಯುವ ಆ್ಯಪ್‌ಗೆ 30 ನಿಮಿಷ ಸಾಕು. ನೀವಾಗಿ ಏನೂ ತೆರೆಯದಿದ್ದಾಗ ಪೆಟ್ಟಿಗೆ ಮೂಡಿದರೆ ಕಣ್ಣುಮುಚ್ಚಿ ನಿರಾಕರಿಸಿ. ಸುಮ್ಮನಿದ್ದರೂ ಆದೀತು, ಎಣಿಕೆ ಮುಗಿದೊಡನೆ ಅದೇ ನಿರಾಕರಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ತಾನಾಗಿ ಉತ್ತರಿಸು’ ಎಂಬುದು ‘ಕೇಳು’ ಎಂದೇ ಇದೆಯೇ ನೋಡಿ. ಗೆಳೆಯ ಕೆಲಸ ಸುಲಭವಾಗಲೆಂದು ಅದನ್ನು ‘ಅನುಮತಿಸು’ ಎಂದು ಇಟ್ಟಿದ್ದರೆ ಪೆಟ್ಟಿಗೆ ಬಾರದೆಯೇ ಎಲ್ಲರೂ ಒಳಗೆ ಬರುತ್ತಾರೆ. ಬೆರಳಚ್ಚು ಕೇಳುವ ಆಯ್ಕೆಯೂ ಅಲ್ಲೇ ಇದೆ. ಮನೆಯಲ್ಲಿ ಮಕ್ಕಳು ಫೋನ್ ಹಿಡಿಯುತ್ತಾರಾದರೆ ಅದನ್ನು ಇವತ್ತೇ ಹಾಕಿ.

ಇಷ್ಟಾದ ಮೇಲೆ ಪಕ್ಕದ ಮಾಡ್ಯೂಲ್ ಪುಟ ತೆರೆಯಿರಿ. ಇದನ್ನು ಯಾರೂ ಹೇಳಿಕೊಡುವುದಿಲ್ಲ. ಮಾಡ್ಯೂಲ್‌ಗಳು ಎಂದರೆ ಮ್ಯಾಜಿಸ್ಕ್‌ಗೆ ಸೇರಿಸುವ ಹೆಚ್ಚುವರಿ ತುಣುಕುಗಳು, ಅವು ಸೂಪರ್‌ಯೂಸರ್ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಅವುಗಳಲ್ಲಿರುವ ಸ್ಕ್ರಿಪ್ಟ್‌ಗಳು ಫೋನ್ ಶುರುವಾಗುವಾಗಲೇ ರೂಟ್ ಆಗಿ ಓಡುತ್ತವೆ, ನಿಮ್ಮನ್ನು ಒಂದು ಮಾತು ಕೇಳುವುದಿಲ್ಲ. ಗೆಳೆಯ ಹಾಕಿದ್ದರಲ್ಲಿ ಯಾವುದು ಏಕೆ ಇದೆ ಎಂದು ಅವನನ್ನೇ ಕೂರಿಸಿ ಕೇಳಿ. ಉತ್ತರ ಬಾರದ್ದನ್ನು ತೆಗೆಯಿರಿ.

ಪ್ರಶ್ನೆ: ರೂಟ್ ಮಾಡಿದ ಮೇಲೆ ಬ್ಯಾಂಕ್ ಆ್ಯಪ್ ತೆರೆಯುತ್ತಿಲ್ಲ. ರೂಟ್ ಅಡಗಿಸುವ ಮಾಡ್ಯೂಲ್ ಸಿಗುತ್ತದಂತೆ. ಹಾಕಲೇ?

ಉತ್ತರ: ಬೇಡ ಎಂಬುದು ನನ್ನ ಮಾತು.

ಮ್ಯಾಜಿಸ್ಕ್‌ನಲ್ಲೇ ‘ಡಿನೈಲಿಸ್ಟ್’ ಇದೆ. ಅದರಲ್ಲಿ ಬ್ಯಾಂಕ್ ಆ್ಯಪ್ ಗುರುತು ಹಾಕಿದರೆ ಆ ಆ್ಯಪ್‌ನ ಮೇಲೆ ಮ್ಯಾಜಿಸ್ಕ್ ತನ್ನ ಬದಲಾವಣೆಗಳನ್ನು ಹೇರುವುದಿಲ್ಲ. ಅಷ್ಟು ಮಾಡಿ ನೋಡಿ. ಆದರೆ ಇಂದಿನ ಹಲವು ಆ್ಯಪ್‌ಗಳು ಕೇಳುವುದು ಗೂಗಲ್‌ನ ಪ್ಲೇ ಇಂಟೆಗ್ರಿಟಿಯನ್ನು, ಅಂದರೆ ಫೋನಿನ ಸಾಫ್ಟ್‌ವೇರ್ ತಿದ್ದಿದೆಯೇ ಎಂದು ನೋಡುವ ತಪಾಸಣೆಯನ್ನು. ಅದು ಮೂರು ಹಂತದಲ್ಲಿ ತೀರ್ಪು ಕೊಡುತ್ತದೆ, ಮೇಲಿನ ಹಂತಕ್ಕೆ ಚಿಪ್‌ನೊಳಗಿನ ಭದ್ರ ಭಾಗದ ಸಹಿ ಬೇಕು. ಬೂಟ್‌ಲೋಡರ್ (ಫೋನ್ ಶುರುವಾಗುವಾಗ ಮೊದಲು ಓಡಿ, ಬೇರೆ ಸಾಫ್ಟ್‌ವೇರ್ ಬಾರದಂತೆ ಕಾಯುವ ಪ್ರೋಗ್ರಾಮು) ತೆರೆದಿದೆ ಎಂದು ಆ ಭಾಗವೇ ಸಾಕ್ಷಿ ಹೇಳುತ್ತದೆ. ಅದರ ಬಾಯಿ ಮುಚ್ಚಿಸಲು ಜನ ಬೇರೆ ಫೋನ್‌ಗಳಿಂದ ಸೋರಿದ ಸಹಿಯ ಕೀಲಿಗಳನ್ನು ತಂದು ಹಾಕುತ್ತಾರೆ. ಗೂಗಲ್ ಅಂಥ ಕೀಲಿ ಕಂಡಾಗ ರದ್ದು ಮಾಡುತ್ತದೆ, ಇವರು ಮತ್ತೊಂದು ಹುಡುಕುತ್ತಾರೆ. ಹಣ ಕಳಿಸಬೇಕಾದ ಹೊತ್ತಿಗೇ ಆ್ಯಪ್ ಮುಚ್ಚಿಕೊಳ್ಳುತ್ತದೆ.

ನನಗೆ ಹೆಚ್ಚು ಚಿಂತೆ ಆ ಮಾಡ್ಯೂಲ್‌ನದೇ. ಎಲ್ಲಿಂದಲೋ ಇಳಿಸಿದ, ಯಾರು ಬರೆದರೆಂದು ತಿಳಿಯದ ಪ್ರೋಗ್ರಾಮಿಗೆ ಪೂರ್ತಿ ರೂಟ್ ಕೊಟ್ಟು, ಅದೇ ಫೋನಿನಲ್ಲಿ ಬ್ಯಾಂಕ್ ಪಾಸ್‌ವರ್ಡ್ ಒತ್ತುತ್ತೀರಿ. ಬ್ಯಾಂಕಿನ ಭಯದಲ್ಲಿ ಹುರುಳಿದೆ ಎಂದೇ ನನ್ನ ಅಭಿಪ್ರಾಯ. ನನ್ನ ಬಳಿ ಎರಡು ಫೋನ್‌ಗಳಿವೆ. ರೂಟ್ ಆದದ್ದರಲ್ಲಿ ಸಿಮ್ ಕೂಡ ಹಾಕಿಲ್ಲ, ಬ್ಯಾಂಕ್ ಇರುವುದನ್ನು ಮುಟ್ಟಿಲ್ಲ. ಒಂದೇ ಫೋನ್ ಇದ್ದರೆ ಬ್ಯಾಂಕೋ ರೂಟೋ ಎಂದು ನೀವೇ ಆರಿಸಿಕೊಳ್ಳಬೇಕು.

ಪ್ರಶ್ನೆ: ಬೂಟ್‌ಲೋಡರ್ ಅನ್‌ಲಾಕ್ ಮಾಡಿದರೆ ಫೋಟೋಗಳೆಲ್ಲ ಅಳಿಸಿಹೋಗುತ್ತವೆ ಎನ್ನುತ್ತಾರೆ. ತಪ್ಪಿಸುವ ದಾರಿ ಇದೆಯೇ?

ಉತ್ತರ: ಇಲ್ಲ. ಅದನ್ನು ಬೇಕೆಂದೇ ಹಾಗೆ ಮಾಡಿದ್ದಾರೆ. ಇಲ್ಲದಿದ್ದರೆ ನಿಮ್ಮ ಫೋನ್ ಕದ್ದವನು ಬೂಟ್‌ಲೋಡರ್ ತೆರೆದು ತನ್ನ ಸಾಫ್ಟ್‌ವೇರ್ ಹಾಕಿ ನಿಮ್ಮ ಫೋಟೋ ನೋಡುತ್ತಿದ್ದ. ಮೊದಲೇ ಎಲ್ಲವನ್ನೂ ಕಂಪ್ಯೂಟರಿಗೆ ನಕಲು ಮಾಡಿ. ಮಾಡಿದ ಮೇಲೆ ಕಂಪ್ಯೂಟರಿನಲ್ಲೇ ಹತ್ತು ಫೋಟೋ, ಎರಡು ವಿಡಿಯೋ ತೆರೆದು ನೋಡಿ. ನಕಲಾಯಿತೆಂದು ನಂಬಿ ಒರೆಸಿ, ಆಮೇಲೆ ಖಾಲಿ ಫೋಲ್ಡರ್ ತೋರಿಸಿ ಅತ್ತವರನ್ನು ನೋಡಿದ್ದೇನೆ. ಚಾಟ್‌ಗಳ ಬ್ಯಾಕಪ್ ಬೇರೆಯೇ ತೆಗೆಯಬೇಕು.

ನಿಮ್ಮದು ಸ್ಯಾಮ್‌ಸಂಗ್ ಆದರೆ ಇನ್ನೊಂದು ಮಾತು. ಅದರ ಚಿಪ್‌ನಲ್ಲಿ ನಾಕ್ಸ್ ಎಂಬ ಸ್ಯಾಮ್‌ಸಂಗ್ ಭದ್ರತಾ ವ್ಯವಸ್ಥೆಯ ಒಂದು ವಿದ್ಯುತ್ ಫ್ಯೂಸ್ ಇದೆ. ಬೇರೆ ಸಾಫ್ಟ್‌ವೇರ್ ಹಾಕಿದಾಗ ಒಮ್ಮೆ ಸುಟ್ಟರೆ ಮುಗಿಯಿತು. ಮತ್ತೆ ಕಂಪನಿಯ ಸಾಫ್ಟ್‌ವೇರ್ ಹಾಕಿದರೂ ಸೆಕ್ಯೂರ್ ಫೋಲ್ಡರ್, ಸ್ಯಾಮ್‌ಸಂಗ್ ಪೇ ಆ ಫೋನಿಗೆ ಮರಳುವುದಿಲ್ಲ. ಹಲವು ಕಂಪನಿಗಳ ಫೋನ್‌ಗಳಲ್ಲಿ ಬೂಟ್‌ಲೋಡರ್ ತೆರೆದೊಡನೆ ಸಿನಿಮಾ ನಕಲು ತಡೆಯುವ ವೈಡ್‌ವೈನ್‌ನ ಮಟ್ಟ ಎಲ್1ರಿಂದ ಎಲ್3ಕ್ಕೆ ಇಳಿಯುತ್ತದೆ, ಸಿನಿಮಾ ಆ್ಯಪ್‌ಗಳು ಆಮೇಲೆ ಮಸುಕು ಚಿತ್ರವನ್ನೇ ಕೊಡುತ್ತವೆ.

ಪ್ರಶ್ನೆ: ಕಂಪನಿ ತುಂಬಿಸಿ ಕೊಟ್ಟ ಬೇಡದ ಆ್ಯಪ್‌ಗಳನ್ನು ತೆಗೆಯಬೇಕು, ಜಾಹೀರಾತು ತಡೆಯಬೇಕು. ಇಷ್ಟಕ್ಕೆ ರೂಟ್ ಮಾಡಲೇಬೇಕೆ?

ಉತ್ತರ: ಬೇಕಿಲ್ಲ. ನನ್ನ ಬಳಿ ರೂಟ್ ಕೇಳಿಕೊಂಡು ಬಂದವರಲ್ಲಿ ಅರ್ಧಕ್ಕಿಂತ ಹೆಚ್ಚು ಜನರನ್ನು ನಾನು ರೂಟ್ ಮಾಡದೆಯೇ ಕಳಿಸಿದ್ದೇನೆ.

ಜಾಹೀರಾತಿಗೆ ಆಂಡ್ರಾಯ್ಡ್ 9ರಿಂದಲೇ ‘ಪ್ರೈವೇಟ್ ಡಿಎನ್‌ಎಸ್’ ಇದೆ, ಜಾಲತಾಣಗಳ ವಿಳಾಸ ಹುಡುಕಿಕೊಡುವ ಸೇವೆಯನ್ನು ಆರಿಸುವ ಸೆಟ್ಟಿಂಗ್. ಜಾಹೀರಾತು ತಡೆಯುವ ಸೇವೆಯೊಂದರ ಹೆಸರು ಅಲ್ಲಿ ಬರೆದರೆ ಬ್ರೌಸರ್‌ನಲ್ಲೂ ಆ್ಯಪ್‌ಗಳಲ್ಲೂ ಬಹಳಷ್ಟು ನಿಲ್ಲುತ್ತವೆ. ಬೇಡದ ಆ್ಯಪ್‌ಗಳಿಗೆ ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕಳಿಸುವ ಎಡಿಬಿ ಎಂಬ ಸಾಧನ ಸಾಕು. ‘ಪಿಎಂ ಅನ್‌ಇನ್‌ಸ್ಟಾಲ್’ ಆಜ್ಞೆಯನ್ನು ಬಳಕೆದಾರ ಸೊನ್ನೆಗೆ ಎಂದು ಕೊಟ್ಟರೆ ಆ್ಯಪ್ ನಿಮ್ಮ ಪಾಲಿಗೆ ಹೋಗುತ್ತದೆ. (ಇಲ್ಲಿನ ಸೊನ್ನೆ ಫೋನಿನ ಮೊದಲ ಬಳಕೆದಾರ ಎಂದರ್ಥ, ಮೇಲೆ ಹೇಳಿದ ರೂಟ್ ಅಲ್ಲ.) ಮೂಲ ಪ್ರತಿ ಸಿಸ್ಟಮ್‌ನಲ್ಲೇ ಉಳಿದಿರುತ್ತದೆ, ತಪ್ಪಾದರೆ ವಾಪಸ್ ತರಬಹುದು. ಆಂಡ್ರಾಯ್ಡ್ 11ರಿಂದ ವೈರ್‌ಲೆಸ್ ಡೀಬಗ್ಗಿಂಗ್ (ಕೇಬಲ್ ಇಲ್ಲದ ಎಡಿಬಿ) ಬಂದ ಮೇಲೆ ಶಿಜುಕು ಎಂಬ ಆ್ಯಪ್ ಮೂಲಕ ಈ ಕೆಲಸಗಳನ್ನು ಫೋನಿನಲ್ಲೇ ಮಾಡಬಹುದು. ಅದು ಕೊಡುವುದು ಎಡಿಬಿಯ ಅಧಿಕಾರ, ಬಳಕೆದಾರ ಸಂಖ್ಯೆ 2000. ರೂಟ್‌ಗಿಂತ ಎಷ್ಟೋ ಕೆಳಗೆ.

ಹೆಸರು ಗೊತ್ತಿಲ್ಲದ್ದನ್ನು ಮಾತ್ರ ಮುಟ್ಟಬೇಡಿ. ಒಬ್ಬಾಕೆ ಫೋನಿನ ಜೊತೆ ಬಂದ ಕೀಬೋರ್ಡನ್ನು ಬೇಡದ್ದೆಂದು ತೆಗೆದಿದ್ದರು, ಬೇರೆ ಕೀಬೋರ್ಡ್ ಹಾಕಿಕೊಂಡಿದ್ದರು. ಫೋನ್ ಆರಿಸಿ ಹೊತ್ತಿಸಿದಾಗ ಲಾಕ್ ತೆರೆಯುವ ಮೊದಲು ಆ ಹೊಸ ಕೀಬೋರ್ಡ್ ಏಳಲೇ ಇಲ್ಲ. ಅವರದು ಅಕ್ಷರಗಳ ಪಾಸ್‌ವರ್ಡ್, ಒತ್ತಲು ಕೀಲಿಗಳೇ ಇಲ್ಲ. ಓಟಿಜಿ ಕೇಬಲ್‌ನಲ್ಲಿ ಕಂಪ್ಯೂಟರಿನ ಯುಎಸ್‌ಬಿ ಕೀಬೋರ್ಡ್ ಸಿಕ್ಕಿಸಿ ಪಾಸ್‌ವರ್ಡ್ ಹೊಡೆದೆವು, ತೆರೆಯಿತು.

ಪ್ರಶ್ನೆ: ಕಂಪ್ಯೂಟರ್ ಬೇಡ, ಒಂದೇ ಗುಂಡಿ ಒತ್ತಿದರೆ ರೂಟ್ ಆಗುತ್ತದೆ ಎನ್ನುವ ಆ್ಯಪ್‌ಗಳನ್ನು ನಂಬಬಹುದೇ?

ಉತ್ತರ: ನಂಬಬೇಡಿ. ಅವು ಕೆಲಸ ಮಾಡುವುದು ಕರ್ನಲ್‌ನ, ಅಂದರೆ ಸಿಸ್ಟಮ್‌ನ ತಿರುಳಿನ, ತೂತುಗಳಿಂದ. 2014ರಲ್ಲಿ ಜಾರ್ಜ್ ಹಾಟ್ಜ್ ಬಿಟ್ಟ ಟವೆಲ್‌ರೂಟ್ ಹಾಗೆಯೇ ಫೋನ್‌ಗಳನ್ನು ತೆರೆಯಿತು. 2016ರಲ್ಲಿ ಹೊರಬಿದ್ದ ‘ಡರ್ಟಿ ಕೌ’ ಎಂಬ ತೂತನ್ನೂ ರೂಟ್ ಮಾಡಲು ಬಳಸಿದರು. ತೂತು ಮುಚ್ಚಿದ ಫೋನಿನಲ್ಲಿ ಆ ಗುಂಡಿ ನಡೆಯುವುದಿಲ್ಲ. ನಿಮ್ಮದರಲ್ಲಿ ನಡೆದರೆ, ನಿಮ್ಮನ್ನು ಕೇಳದೆ ಅದೇ ತೂತಿನಲ್ಲಿ ಬೇರೆ ಯಾವ ಆ್ಯಪ್ ಬೇಕಾದರೂ ನುಗ್ಗಬಹುದು ಎಂದರ್ಥ.

ಪ್ರಶ್ನೆ: ದುಡ್ಡು ಕೊಟ್ಟು ಕೊಂಡ ಫೋನ್ ನನ್ನದು. ನನಗೇ ರೂಟ್ ಅಧಿಕಾರ ಕೊಡದಿರುವುದು ಅನ್ಯಾಯ ಅಲ್ಲವೇ? ನಾನು ಕಂಪ್ಯೂಟರ್ ಓದುತ್ತಿರುವ ವಿದ್ಯಾರ್ಥಿನಿ.

ಉತ್ತರ: ನಿಮ್ಮ ಸಿಟ್ಟು ನನ್ನದೂ ಹೌದು. ಬೂಟ್‌ಲೋಡರ್ ತೆರೆಯುವ ಹಕ್ಕನ್ನೇ ಕೊಡದ ಕಂಪನಿಗಳ ಮೇಲೆ ನನಗೆ ಬೇಸರವಿದೆ. ಅವರು ಅಪ್‌ಡೇಟ್ ನಿಲ್ಲಿಸಿದ ದಿನ ಗಟ್ಟಿಮುಟ್ಟಾದ ಫೋನ್ ಕಸವಾಗುತ್ತದೆ. ತೆರೆಯಲು ಬಿಟ್ಟಿದ್ದರೆ ಆಂಡ್ರಾಯ್ಡ್ ಆಧರಿಸಿದ ಲಿನೇಜ್‌ಓಎಸ್‌ನಂಥ ಬೇರೆ ಸಿಸ್ಟಮನ್ನು ಹಾಕಿ ಇನ್ನಷ್ಟು ವರ್ಷ ಬಳಸಬಹುದಿತ್ತು.

ಆದರೆ ಹೊತ್ತಿಸಿದ ಕೂಡಲೇ ರೂಟ್ ತೆರೆದೇ ಇರಬೇಕೆಂದು ನಾನು ಹೇಳಲಾರೆ. ಓದುವವರು ನೀವು, ಈ ಕಥೆ ಇಷ್ಟವಾಗುತ್ತದೆ. 2008ರಲ್ಲಿ ಮಾರಾಟಕ್ಕೆ ಬಂದ ಮೊದಲ ಆಂಡ್ರಾಯ್ಡ್ ಫೋನ್ ಎಚ್‌ಟಿಸಿ ಡ್ರೀಮ್, ಜಿ1 ಎಂದೂ ಕರೆಯುತ್ತಾರೆ. ಅದರ ಆರಂಭದ ಸಾಫ್ಟ್‌ವೇರ್‌ನಲ್ಲಿ, ನೀವು ಕೀಬೋರ್ಡಿನಲ್ಲಿ ಏನು ಹೊಡೆದರೂ ಅದು ಪರದೆಯ ಮೇಲಿನ ಆ್ಯಪ್‌ಗಷ್ಟೇ ಅಲ್ಲದೆ ಹಿಂದೆ ಅಡಗಿದ್ದ ರೂಟ್ ಶೆಲ್‌ಗೂ (ಬರೆದ ಆಜ್ಞೆಗಳನ್ನು ನಡೆಸುವ ಪ್ರೋಗ್ರಾಮು) ಹೋಗುತ್ತಿತ್ತು. ಯಾರೋ ಮಾತಿನ ನಡುವೆ ‘ರೀಬೂಟ್’ ಎಂದು ಹೊಡೆದು ಎಂಟರ್ ಒತ್ತಿದರು, ಫೋನ್ ರೀಬೂಟ್ ಆಯಿತು! ಅಳಿಸುವ ಆಜ್ಞೆಯನ್ನು ಯಾರಾದರೂ ಹಾಗೆ ಬರೆದಿದ್ದರೆ? ಅಪ್‌ಡೇಟ್ ಕಳಿಸಿ ಬೇಗನೆ ಸರಿಮಾಡಿದರು.

ಅಧಿಕಾರ ನಿಮ್ಮ ಕೈಗೆ ಸಿಗಬೇಕು, ಕೇಳಿದಾಗ ಮಾತ್ರ ಏಳಬೇಕು. ಆ ನಿಟ್ಟಿನಲ್ಲಿ ಕರ್ನಲ್‌ಎಸ್‌ಯು ಎಂಬ ಇನ್ನೊಂದು ರೂಟ್ ಸಾಧನ ನೋಡಿ, ನಿಮಗೆ ಓದಲು ಒಳ್ಳೆಯ ಕೋಡ್. ಅದರಲ್ಲಿ ಆ್ಯಪ್‌ಗಳು ಪೆಟ್ಟಿಗೆ ಮೂಡಿಸಿ ಪೀಡಿಸುವುದಿಲ್ಲ. ನೀವೇ ಹೋಗಿ ಬೇಕಾದ ಆ್ಯಪ್‌ಗೆ ಅನುಮತಿ ಹೊತ್ತಿಸಬೇಕು, ಹೊತ್ತಿಸದ ಆ್ಯಪ್‌ಗೆ ‘ಎಸ್‌ಯು’ ಇದೆಯೆಂಬುದೇ ಕಾಣುವುದಿಲ್ಲ. ಕೊಟ್ಟ ರೂಟ್‌ನ ಸಾಮರ್ಥ್ಯಗಳನ್ನು ಪ್ರತಿ ಆ್ಯಪ್‌ಗೂ ಬೇರೆಬೇರೆಯಾಗಿ ಕತ್ತರಿಸಲೂಬಹುದು. ಮೊದಲ ಉತ್ತರದಲ್ಲಿ ಹೇಳಿದ ‘ಇಷ್ಟು ಮಾತ್ರ’ ಎಂಬುದು ಇಲ್ಲಿ ತಕ್ಕಮಟ್ಟಿಗೆ ಸಾಧ್ಯ.

ಪ್ರಶ್ನೆ: ರೂಟ್ ಮಾಡಿದ ನನ್ನ ಫೋನನ್ನು ಅಮ್ಮನಿಗೆ ಕೊಡಬೇಕೆಂದಿದ್ದೇನೆ. ಸಿಸ್ಟಮ್ ಅಪ್‌ಡೇಟ್ ಕೂಡ ಬಾಕಿ ಇದೆ, ಹಾಕಿದರೆ ಅರ್ಧಕ್ಕೆ ನಿಲ್ಲುತ್ತದೆ. ಮೊದಲಿನಂತೆ ಮಾಡುವುದು ಹೇಗೆ?

ಉತ್ತರ: ಅಪ್‌ಡೇಟ್ ನಿಲ್ಲುವುದಕ್ಕೆ ಕಾರಣ, ಅದು ಹಾಕುವ ಮೊದಲು ವಿಭಾಗಗಳ ಗುರುತು ತಾಳೆ ನೋಡುತ್ತದೆ. ಫೋನನ್ನು ಶುರುಮಾಡುವ ಬೂಟ್ ಇಮೇಜ್‌ಗೆ ಮ್ಯಾಜಿಸ್ಕ್ ತೇಪೆ ಬಿದ್ದಿರುವುದರಿಂದ ತಾಳೆಯಾಗುವುದಿಲ್ಲ. ಫೋನನ್ನು ನೀವೇ ಇಟ್ಟುಕೊಳ್ಳುವುದಾಗಿದ್ದರೆ ಬೇರೆ ದಾರಿ ಹೇಳುತ್ತಿದ್ದೆ. ಅಮ್ಮನಿಗೆ ಕೊಡುವುದಾದರೆ ರೂಟ್ ಪೂರ್ತಿ ತೆಗೆದೇ ಕೊಡಿ.

ಮ್ಯಾಜಿಸ್ಕ್ ಆ್ಯಪ್‌ನಲ್ಲಿ ಸಂಪೂರ್ಣ ಅನ್‌ಇನ್‌ಸ್ಟಾಲ್ ಒತ್ತಿ. ಆಮೇಲೆ ನಿಮ್ಮ ಮಾಡೆಲ್‌ಗೇ ಹೊಂದುವ ಕಂಪನಿಯ ಪೂರ್ತಿ ಸಾಫ್ಟ್‌ವೇರ್ ಫ್ಲ್ಯಾಶ್ ಮಾಡಿ, ಅಂದರೆ ಫೋನಿನ ಮೆಮೊರಿಗೆ ನೇರವಾಗಿ ಬರೆಯಿರಿ. ಮಾಡೆಲ್ ಹೆಸರಿನ ಕೊನೆಯ ಅಕ್ಷರವೂ ತಾಳೆಯಾಗಲಿ. ಫೋನ್ ಹೊತ್ತಲಿ, ವೈಫೈ ಹಿಡಿಯಲಿ, ಕರೆ ಹೋಗಲಿ, ಬಾಕಿ ಅಪ್‌ಡೇಟ್ ಕೂರಲಿ. ಇಷ್ಟೆಲ್ಲ ಸರಿಯಿದ್ದ ಮೇಲೆಯೇ ಬೂಟ್‌ಲೋಡರ್ ಲಾಕ್ ಮಾಡಿ. ತೇಪೆ ಹಾಕಿದ ಇಮೇಜ್ ಒಳಗಿರುವಾಗಲೇ ಲಾಕ್ ಮಾಡಿದರೆ ಫೋನ್ ಅದನ್ನು ಒಪ್ಪದೆ ಶುರುವಾಗುವುದಕ್ಕೇ ನಿರಾಕರಿಸುತ್ತದೆ. ಕೆಲವು ಮಾಡೆಲ್‌ಗಳು ಅಲ್ಲಿಂದ ಏಳುವುದೇ ಇಲ್ಲ. ನನ್ನ ಡ್ರಾಯರ್‌ನಲ್ಲಿ ಅಂಥ ಎರಡು ಫೋನ್‌ಗಳು ಈಗಲೂ ಇವೆ, ಪರದೆಯ ಮೇಲೆ ಒಂದು ಗೀರೂ ಇಲ್ಲ.

ಲಾಕ್ ಮಾಡುವಾಗ ಡೇಟಾ ಮತ್ತೊಮ್ಮೆ ಪೂರ್ತಿ ಅಳಿಯುತ್ತದೆ. ಅಮ್ಮನ ಖಾತೆ, ಫೋನ್ ನಂಬರುಗಳು, ಫೋಟೋಗಳು ಎಲ್ಲವನ್ನೂ ಅದಾದ ಮೇಲೆಯೇ ಹಾಕಿ.